ಬೊಜ್ಜಿನ ಬಿಲ್ ಯಾರ ಹೆಸರಿಗೆ?

ಒಂದೇ ದೇಶ, ಒಂದೇ ಪ್ರಶ್ನೆ, ಉತ್ತರ ಮಾತ್ರ ಎರಡು. ಅಮೆರಿಕದಲ್ಲಿ ಬೊಜ್ಜಿನ ಕಾರಣಕ್ಕೆ ಆಸ್ಪತ್ರೆ, ಔಷಧಿಗೆ ಎಷ್ಟು ಖರ್ಚಾಗುತ್ತಿದೆ ಎಂದು 2009ರಲ್ಲಿ ಒಂದು ತಂಡ ಲೆಕ್ಕ ಹಾಕಿತು. ವರ್ಷಕ್ಕೆ 147 ಬಿಲಿಯನ್ ಡಾಲರ್, ಅಂದರೆ ಒಟ್ಟು ವೈದ್ಯಕೀಯ ಖರ್ಚಿನಲ್ಲಿ ಶೇ. 10ರ ಆಸುಪಾಸು ಎಂಬ ಉತ್ತರ ಬಂತು. 2012ರಲ್ಲಿ ಜಾನ್ ಕಾಲಿ ಮತ್ತು ಚಾಡ್ ಮೇಯರ್‌ಹೋಫರ್ ಎಂಬ ಅರ್ಥಶಾಸ್ತ್ರಜ್ಞರು ಅದೇ ಲೆಕ್ಕವನ್ನು ಬೇರೆ ದಾರಿಯಲ್ಲಿ ಹಾಕಿದರು. ಅವರಿಗೆ ಸಿಕ್ಕಿದ್ದು ಶೇ. 20.6. ಹೆಚ್ಚುಕಡಿಮೆ ಎರಡು ಪಟ್ಟು.

ಮೂರೇ ವರ್ಷದಲ್ಲಿ ಜನ ಅಷ್ಟು ದಪ್ಪ ಆಗಿಬಿಟ್ಟರಾ? ಇಲ್ಲ. ಬದಲಾಗಿದ್ದು ಲೆಕ್ಕ ಹಾಕುವ ರೀತಿ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಬೊಜ್ಜಿನ ಖರ್ಚಿನ ಬಗ್ಗೆ ನಾವು ಓದುವ ಪ್ರತಿ ಸುದ್ದಿಯ ಹಿಂದೆಯೂ ಇಂಥ ಒಂದು ಲೆಕ್ಕ ಇರುತ್ತದೆ.

ಮಾಮೂಲಿ ದಾರಿ ಸುಲಭ. ದಪ್ಪಗಿರುವವರಿಗೆ ವರ್ಷಕ್ಕೆ ಆಸ್ಪತ್ರೆ ಖರ್ಚು ಎಷ್ಟು ಬರುತ್ತದೆ, ಅದೇ ವಯಸ್ಸಿನ, ಅದೇ ಬಗೆಯ, ಆದರೆ ದಪ್ಪಗಿಲ್ಲದವರಿಗೆ ಎಷ್ಟು ಬರುತ್ತದೆ ಎಂದು ನೋಡುವುದು. ಅದರಲ್ಲಿ ಇದನ್ನು ಕಳೆದರೆ ಉಳಿದದ್ದು ಬೊಜ್ಜಿನ ಪಾಲು. ಕೇಳೋಕೆ ಸರಿಯಾಗೇ ಇದೆ. ತೊಂದರೆ ಇರುವುದು ಒಳಗೆ. ತೂಕ ಎಷ್ಟು ಎಂದು ಕೇಳಿದರೆ ಜನ ಸ್ವಲ್ಪ ಕಡಿಮೆಯೇ ಹೇಳುತ್ತಾರೆ. ಅನೇಕ ಕಡೆ ಬಡವರಲ್ಲಿ ಬೊಜ್ಜು ಜಾಸ್ತಿ, ಆದರೆ ಅವರು ಡಾಕ್ಟರ ಹತ್ತಿರ ಹೋಗುವುದು ಕಡಿಮೆ. ಹೀಗಾಗಿ ಅವರ ಕಾಯಿಲೆ ಲೆಕ್ಕಕ್ಕೇ ಬರುವುದಿಲ್ಲ. ಇನ್ನೊಂದು ಕಡೆ, ದೊಡ್ಡ ಕಾಯಿಲೆ ಬಿದ್ದವರು ತೂಕ ಕಳೆದುಕೊಳ್ಳುತ್ತಾರೆ. ಖರ್ಚು ಅವರದ್ದೇ ಜಾಸ್ತಿ, ಆದರೆ ಲೆಕ್ಕದಲ್ಲಿ ಅವರು 'ತೆಳ್ಳಗಿನವರ' ಸಾಲಿನಲ್ಲಿ ಕೂತಿರುತ್ತಾರೆ. ಇವೆಲ್ಲ ಸೇರಿ ಬೊಜ್ಜಿನ ಪಾಲು ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ.

ಕಾಲಿ ಮತ್ತು ಮೇಯರ್‌ಹೋಫರ್ ಒಂದು ಉಪಾಯ ಮಾಡಿದರು. ವ್ಯಕ್ತಿಯ ತೂಕದ ಬದಲು ಅವರು ಹೆತ್ತ ಮಗುವಿನ ತೂಕವನ್ನು ಹಿಡಿದರು. ಅಪ್ಪ ಅಮ್ಮನ ತೂಕಕ್ಕೂ ಮಕ್ಕಳ ತೂಕಕ್ಕೂ ಹುಟ್ಟಿನಿಂದ ಬಂದ ನಂಟು ಇದೆ. ಆದರೆ ಅಪ್ಪನ ಕಾಲು ಮುರಿದರೆ, ಅಮ್ಮನಿಗೆ ಕಾಯಿಲೆ ಬಂದು ತೂಕ ಇಳಿದರೆ ಮಗುವಿನ ತೂಕ ಬದಲಾಗುವುದಿಲ್ಲ. ಹಾಗಾಗಿ ಮಗುವಿನ ತೂಕದ ಮೂಲಕ ನೋಡಿದರೆ ಅಡ್ಡ ಬರುವ ಎಷ್ಟೋ ಸಂಗತಿಗಳು ದೂರವಾಗುತ್ತವೆ. ಈ ಉಪಾಯಕ್ಕೂ ಆಕ್ಷೇಪ ಇದೆ. ಒಂದೇ ಮನೆಯಲ್ಲಿ ಇರುವವರಿಗೆ ಹುಟ್ಟಿನ ಗುಣ ಮಾತ್ರವಲ್ಲ, ಊಟ, ನಿದ್ದೆ, ಆತಂಕ ಎಲ್ಲವೂ ಒಂದೇ ಅಲ್ವಾ? ನಿಜ. ಆದರೂ ಮಾಮೂಲಿ ಲೆಕ್ಕ ಕಡಿಮೆ ತೋರಿಸುತ್ತಿದೆ ಎಂಬ ಅವರ ಮಾತು ನನಗೆ ಒಪ್ಪಿಗೆ.

ಹಾಗಾಗಿ 'ಬೊಜ್ಜಿನ ಖರ್ಚು ಇಂತಿಷ್ಟು' ಎಂದು ಯಾರಾದರೂ ಒಂದೇ ಅಂಕಿ ಹೇಳಿದರೆ, ಯಾವ ದಾರಿಯ ಲೆಕ್ಕ ಎಂದು ಕೇಳಬೇಕು. ಅಂಕಿ ಎಷ್ಟೇ ಇರಲಿ, ಅದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ಈ ದುಡ್ಡನ್ನು ಯಾರು ಕಟ್ಟುತ್ತಾರೆ, ಯಾವಾಗ ಕಟ್ಟುತ್ತಾರೆ? ನನ್ನ ಪ್ರಕಾರ ಬೊಜ್ಜಿನ ವಿಷಯದಲ್ಲಿ ಸರಕಾರಗಳು ಇಷ್ಟು ವರ್ಷ ಸುಮ್ನೆ ಕೂತಿದ್ದಕ್ಕೆ ಕಾರಣ ಅಲ್ಲೇ ಇದೆ.

ಮೊದಲು ಸಮಸ್ಯೆಯ ಗಾತ್ರ ನೋಡಿಬಿಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2022ರಲ್ಲಿ ಜಗತ್ತಿನ 250 ಕೋಟಿ ವಯಸ್ಕರ ತೂಕ ಇರಬೇಕಾದ್ದಕ್ಕಿಂತ ಜಾಸ್ತಿ ಇತ್ತು. ಅವರಲ್ಲಿ 89 ಕೋಟಿ ಜನರದ್ದು ಬೊಜ್ಜು ಎಂದು ಕರೆಯುವ ಮಟ್ಟ. 1990ಕ್ಕೆ ಹೋಲಿಸಿದರೆ ವಯಸ್ಕರಲ್ಲಿ ಬೊಜ್ಜು ಎರಡು ಪಟ್ಟಿಗೂ ಜಾಸ್ತಿ ಆಗಿದೆ, ಹದಿಹರೆಯದವರಲ್ಲಿ ನಾಲ್ಕು ಪಟ್ಟು. ಇಲ್ಲಿ ಅಳತೆಗೋಲು ಬಿಎಂಐ. ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆ. 30 ಮುಟ್ಟಿದರೆ ಬೊಜ್ಜು. ಇದರ ಮೂಲ ಸೂತ್ರ ಕೊಟ್ಟವರು ಬೆಲ್ಜಿಯಂನ ಗಣಿತಜ್ಞ ಅಡಾಲ್ಫ್ ಕೆಟ್ಲೆ, ಅದೂ 1830ರ ದಶಕದಲ್ಲಿ. ಅವರು ವೈದ್ಯರಲ್ಲ. ಅವರಿಗೆ ಬೇಕಿದ್ದದ್ದು 'ಸರಾಸರಿ ಮನುಷ್ಯ'ನ ಅಳತೆ, ರೋಗಿಯದ್ದಲ್ಲ. ಗಟ್ಟಿ ಸ್ನಾಯುವಿನ ಕುಸ್ತಿಪಟುವನ್ನೂ ಬಿಎಂಐ ಬೊಜ್ಜಿನ ಸಾಲಿಗೆ ಸೇರಿಸಿಬಿಡುತ್ತದೆ. ಒಬ್ಬೊಬ್ಬರನ್ನು ಅಳೆಯಲು ಇದು ಮೊಂಡು ಸಾಧನ. ಇಡೀ ದೇಶವನ್ನು ಅಳೆಯಲು ಪರವಾಗಿಲ್ಲ.

ತೂಕ ಏರಿದ ದಿನ ಯಾರೂ ಆಸ್ಪತ್ರೆಗೆ ಓಡುವುದಿಲ್ಲ. ಬೊಜ್ಜು ಬಿಲ್ ಆಗುವುದು ಮೆಲ್ಲಗೆ. ಹೊಟ್ಟೆಯ ಒಳಗೆ, ಲಿವರ್ ಸುತ್ತ ಕೊಬ್ಬು ಸೇರುತ್ತಾ ಹೋದಂತೆ ದೇಹ ಇನ್ಸುಲಿನ್ ಮಾತು ಕೇಳುವುದು ಕಡಿಮೆಯಾಗುತ್ತದೆ. ಮೇದೋಜೀರಕ ಗ್ರಂಥಿ ಜಾಸ್ತಿ ಇನ್ಸುಲಿನ್ ಸುರಿಸಿ ಕೆಲವು ವರ್ಷ ತಳ್ಳುತ್ತದೆ. ಆಮೇಲೆ ಅದೂ ಸೋಲುತ್ತದೆ, ರಕ್ತದಲ್ಲಿ ಸಕ್ಕರೆ ಏರುತ್ತದೆ. ಸಕ್ಕರೆ ಕಾಯಿಲೆಗೆ ಮೊದಲ ವರ್ಷಗಳಲ್ಲಿ ಮಾತ್ರೆ ಸಾಕು, ಖರ್ಚು ಕಡಿಮೆ. ಹತ್ತು ಹದಿನೈದು ವರ್ಷ ಸರಿಯಾಗಿ ಹಿಡಿತಕ್ಕೆ ಬರದಿದ್ದರೆ ಕಿಡ್ನಿ, ಕಣ್ಣು, ಕಾಲು, ಹೃದಯ ಸಾಲಾಗಿ ಬಾಗಿಲು ತಟ್ಟುತ್ತವೆ. ನಿಜವಾದ ದುಡ್ಡು ಹೋಗುವುದು ಅಲ್ಲಿ. ಮಾತ್ರೆಯ ಖರ್ಚಿಗೂ ವಾರಕ್ಕೆ ಮೂರು ಸಲದ ಡಯಾಲಿಸಿಸ್ ಖರ್ಚಿಗೂ ಹೋಲಿಕೆಯೇ ಇಲ್ಲ. ಜೊತೆಗೆ ಮೊಣಕಾಲು ಸವೆತ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಕೆಲವು ಬಗೆಯ ಕ್ಯಾನ್ಸರ್. ಶ್ರೀಮಂತ ದೇಶಗಳ ಕೂಟವಾದ ಒಇಸಿಡಿ 2019ರಲ್ಲಿ ಒಂದು ವರದಿ ತಂದಿತು. ಅದರ ಪ್ರಕಾರ ಆ ದೇಶಗಳಲ್ಲಿ ಸಕ್ಕರೆ ಕಾಯಿಲೆಗೆ ಆಗುವ ಚಿಕಿತ್ಸೆಯ ಖರ್ಚಿನಲ್ಲಿ ಶೇ. 70, ಹೃದಯ ಮತ್ತು ರಕ್ತನಾಳದ ಕಾಯಿಲೆಗಳ ಖರ್ಚಿನಲ್ಲಿ ಶೇ. 23, ಕ್ಯಾನ್ಸರ್ ಖರ್ಚಿನಲ್ಲಿ ಶೇ. 9 ಹೆಚ್ಚಿನ ತೂಕದ ಪಾಲು. ಒಟ್ಟಾರೆ ಆರೋಗ್ಯ ಬಜೆಟ್‌ನಲ್ಲಿ ಶೇ. 8.4.

ಇಲ್ಲಿ ಜನ ಸಾಮಾನ್ಯವಾಗಿ ಗಮನಿಸದ ಒಂದು ಸಂಗತಿ ಇದೆ. ಖರ್ಚು ತೂಕದ ಜೊತೆ ಸಮನಾಗಿ ಏರುವುದಿಲ್ಲ. ಸ್ವಲ್ಪ ದಪ್ಪಗಿರುವವರಿಗೂ ಸರಿಯಾದ ತೂಕದವರಿಗೂ ಆಸ್ಪತ್ರೆ ಖರ್ಚಿನಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಬಿಎಂಐ 35, 40 ದಾಟಿದ ಮೇಲೆ ಗೆರೆ ಕಡಿದಾಗಿ ಮೇಲೇಳುತ್ತದೆ. ಅಮೆರಿಕದ ಮಾಹಿತಿ ಇಟ್ಟುಕೊಂಡು 2021ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ಬೊಜ್ಜಿರುವ ವಯಸ್ಕರಿಗೆ ವರ್ಷಕ್ಕೆ ತಲಾ 1,861 ಡಾಲರ್ ಹೆಚ್ಚುವರಿ ಖರ್ಚು. ಬಿಎಂಐ 40 ದಾಟಿದ ತೀವ್ರ ಬೊಜ್ಜಿನವರಿಗೆ 3,097 ಡಾಲರ್. ದೇಶದ ಒಟ್ಟು ಹೊರೆ ಸುಮಾರು 173 ಬಿಲಿಯನ್ ಡಾಲರ್.

ಈಗ ಅದೇ ದೇಶದ ಸರಕಾರಿ ಸಮೀಕ್ಷೆ ನೋಡಿ. 1999-2000ರಲ್ಲಿ ಬೊಜ್ಜಿದ್ದ ವಯಸ್ಕರು ಶೇ. 30.5. 2017ರಿಂದ 2020ರ ಮಾರ್ಚ್‌ವರೆಗಿನ ಸುತ್ತಿನಲ್ಲಿ ಶೇ. 41.9. ಅಂದರೆ ಮೂರನೇ ಒಂದು ಪಾಲಿಗೂ ಜಾಸ್ತಿ ಏರಿಕೆ. ಅದೇ ಅವಧಿಯಲ್ಲಿ ತೀವ್ರ ಬೊಜ್ಜು ಶೇ. 4.7ರಿಂದ 9.2ಕ್ಕೆ ಹೋಯಿತು. ಹತ್ತಿರ ಹತ್ತಿರ ದುಪ್ಪಟ್ಟು. 2021-23ರ ಸುತ್ತಿನಲ್ಲಿ ಒಟ್ಟು ಪ್ರಮಾಣ ಶೇ. 40.3ಕ್ಕೆ ಬಂದಾಗ 'ಬೊಜ್ಜು ಇಳಿಯುತ್ತಿದೆ' ಎಂದು ಖುಷಿಪಟ್ಟವರು ಬಹಳ. ಆದರೆ ತೀವ್ರ ಬೊಜ್ಜು ಶೇ. 9.7ರಲ್ಲಿತ್ತು. ಸಮೀಕ್ಷೆಗಳಲ್ಲಿ ಇಷ್ಟು ಸಣ್ಣ ವ್ಯತ್ಯಾಸ ಮಾಮೂಲಿ, ಅದರ ಮೇಲೆ ಕಥೆ ಕಟ್ಟಬಾರದು. ಆದರೂ ದುಡ್ಡಿನ ಲೆಕ್ಕ ನೋಡುವವರು ಕಣ್ಣಿಡಬೇಕಾದ್ದು ಈ ಎರಡನೇ ಅಂಕಿಯ ಮೇಲೆ. ಖರ್ಚು ದೊಡ್ಡದಾಗುವುದು ಅಲ್ಲೇ.

ಇನ್ನು ಕಟ್ಟುವವರ ವಿಷಯ. ಒಂದು ವಿಮಾ ಕಂಪನಿ ಇದೆ ಅಂದುಕೊಳ್ಳಿ. ಮೂವತ್ತೈದು ವರ್ಷದ ಒಬ್ಬರ ತೂಕ ಏರುತ್ತಿದೆ. ಈಗಲೇ ಆಹಾರ ತಜ್ಞರು, ವ್ಯಾಯಾಮ, ಬೇಕಾದರೆ ಔಷಧಿ ಎಂದು ಖರ್ಚು ಮಾಡಿದರೆ ಐವತ್ತೈದಕ್ಕೆ ಬರುವ ಹೃದಯಾಘಾತ ತಪ್ಪಬಹುದು. ಕಂಪನಿ ಖರ್ಚು ಮಾಡುತ್ತದೆಯೇ? ವಿಮೆ ಕೆಲಸದ ಜೊತೆ ಅಂಟಿಕೊಂಡಿರುವ ದೇಶದಲ್ಲಿ ಆ ವ್ಯಕ್ತಿ ಮೂರು ನಾಲ್ಕು ವರ್ಷಕ್ಕೆ ಕೆಲಸ ಬದಲಿಸುತ್ತಾರೆ, ವಿಮೆಯೂ ಬದಲಾಗುತ್ತದೆ. ಇವತ್ತು ದುಡ್ಡು ಹಾಕಿದ ಕಂಪನಿಗೆ ಇಪ್ಪತ್ತು ವರ್ಷದ ನಂತರದ ಉಳಿತಾಯ ಸಿಗುವುದಿಲ್ಲ. ಅದು ಬೇರೆ ಕಂಪನಿಗೋ, ವಯಸ್ಸಾದವರ ಖರ್ಚು ನೋಡಿಕೊಳ್ಳುವ ಸರಕಾರಕ್ಕೋ ಹೋಗುತ್ತದೆ. ಬಿತ್ತಿದವನಿಗೆ ಬೆಳೆ ಇಲ್ಲ ಅಂದಮೇಲೆ ಬಿತ್ತುವವರು ಯಾರು? ಸರಕಾರವೇ ಎಲ್ಲ ಖರ್ಚು ಹೊರುವ ದೇಶಗಳಲ್ಲಿ ಈ ತೊಂದರೆ ಕಡಿಮೆ, ಇಲ್ಲವೇ ಇಲ್ಲ ಎನ್ನುವಂತಿಲ್ಲ. ಅಲ್ಲಿ ಕಂಪನಿಯ ಬದಲು ಚುನಾವಣೆ ಬರುತ್ತದೆ. ಬಿಲ್ ಬರುವ ಹೊತ್ತಿಗೆ ಐದಾರು ಸರಕಾರ ಬದಲಾಗಿರುತ್ತದೆ.

ಈ ಬಿಕ್ಕಟ್ಟು ಈಗ ಕಣ್ಣಿಗೆ ಕಾಣುವಂತೆ ನಡೆಯುತ್ತಿರುವುದು ಹೊಸ ಇಂಜೆಕ್ಷನ್‌ಗಳ ವಿಷಯದಲ್ಲಿ. ಸೆಮಾಗ್ಲುಟೈಡ್ ಎಂಬ ಔಷಧಿಗೆ ಬೊಜ್ಜಿನ ಚಿಕಿತ್ಸೆಗಾಗಿ ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆ ಸಿಕ್ಕಿತು. ಹೆಸರು ವೆಗೋವಿ. ಸಕ್ಕರೆ ಕಾಯಿಲೆಗೆ ಅದೇ ಔಷಧಿ ಒಜೆಂಪಿಕ್ ಹೆಸರಿನಲ್ಲಿ ಮೊದಲೇ ಇತ್ತು. ಊಟ ಆದಮೇಲೆ ಕರುಳು 'ಸಾಕು' ಎಂದು ಮಿದುಳಿಗೆ ಹೇಳಲು ಒಂದು ಹಾರ್ಮೋನ್ ಬಿಡುತ್ತದೆ. ಈ ಔಷಧಿ ಅದನ್ನೇ ಅನುಕರಿಸುತ್ತದೆ. ಪ್ರಯೋಗದಲ್ಲಿ 68 ವಾರಕ್ಕೆ ಸರಾಸರಿ ಶೇ. 15ರಷ್ಟು ತೂಕ ಇಳಿಯಿತು. 2023ರಲ್ಲಿ ಇನ್ನೊಂದು ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಹೃದಯದ ಕಾಯಿಲೆ ಮೊದಲೇ ಇದ್ದ, ಆದರೆ ಸಕ್ಕರೆ ಕಾಯಿಲೆ ಇಲ್ಲದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದಯ ಸಂಬಂಧಿ ಸಾವು ಒಟ್ಟಾಗಿ ಶೇ. 20 ಕಡಿಮೆಯಾದವು. ಬೊಜ್ಜಿಗೆ ಇಷ್ಟು ಚೆನ್ನಾಗಿ ಕೆಲಸ ಮಾಡುವ ಔಷಧಿ ಹಿಂದೆ ಇರಲಿಲ್ಲ.

ತೊಂದರೆ ಎರಡು. ಅಮೆರಿಕದಲ್ಲಿ ವೆಗೋವಿಯ ಪಟ್ಟಿ ಬೆಲೆ ತಿಂಗಳಿಗೆ 1,349 ಡಾಲರ್ ಇತ್ತು. ಎರಡನೆಯದು, ಔಷಧಿ ನಿಲ್ಲಿಸಿದರೆ ತೂಕ ವಾಪಸ್. ಪ್ರಯೋಗದಲ್ಲಿ ಔಷಧಿ ನಿಲ್ಲಿಸಿ ಒಂದು ವರ್ಷ ಆಗುವಷ್ಟರಲ್ಲಿ ಕಳೆದುಕೊಂಡಿದ್ದರಲ್ಲಿ ಮೂರನೇ ಎರಡು ಪಾಲು ತೂಕ ಮರಳಿ ಬಂದಿತ್ತು. ಅಂದರೆ ಇದು ಒಂದು ಸಲದ ಖರ್ಚಲ್ಲ, ಬಿಪಿ ಮಾತ್ರೆಯ ಹಾಗೆ ವರ್ಷಾನುಗಟ್ಟಲೆ. ಬೊಜ್ಜಿರುವ ಒಬ್ಬರ ಹೆಚ್ಚುವರಿ ಖರ್ಚು ವರ್ಷಕ್ಕೆ 1,861 ಡಾಲರ್ ಎಂದು ಮೇಲೆ ನೋಡಿದೆವು. ಆ ಪಟ್ಟಿ ಬೆಲೆಯಲ್ಲಿ ಔಷಧಿಗೆ ವರ್ಷಕ್ಕೆ 16,000 ಡಾಲರ್ ದಾಟುತ್ತಿತ್ತು. ರಿಯಾಯಿತಿ ಸಿಕ್ಕಿ ಅರ್ಧಕ್ಕೆ ಬಂದರೂ ಲೆಕ್ಕ ಕೂಡುವುದಿಲ್ಲ. ನಾರ್ತ್ ಕ್ಯಾರೊಲಿನಾ ರಾಜ್ಯ ತನ್ನ ನೌಕರರ ಆರೋಗ್ಯ ಯೋಜನೆಯಲ್ಲಿ ತೂಕ ಇಳಿಸಲು ಈ ಔಷಧಿಗಳನ್ನು ಕೊಡುವುದನ್ನು 2024ರ ಏಪ್ರಿಲ್‌ನಲ್ಲಿ ನಿಲ್ಲಿಸಿತು. ಔಷಧಿ ಕೆಲಸ ಮಾಡುವುದಿಲ್ಲ ಎಂದಲ್ಲ, ಖರ್ಚು ತಡೆಯಲಾಗಲಿಲ್ಲ ಎಂದು. ಅತ್ತ ಔಷಧಿ ಮಾಡುವ ನೋವೊ ನಾರ್ಡಿಸ್ಕ್ ಕಂಪನಿಯ ಮಾರುಕಟ್ಟೆ ಮೌಲ್ಯ 2023ರಲ್ಲಿ ಅದರ ತವರು ಡೆನ್ಮಾರ್ಕ್‌ನ ಜಿಡಿಪಿಯನ್ನೇ ಮೀರಿತ್ತು. ಬೆಲೆ ಹೀಗೇ ಇರುವುದಿಲ್ಲ. ಪೈಪೋಟಿ ಬಂದಿದೆ, ಕೆಲವು ದೇಶಗಳಲ್ಲಿ ಪೇಟೆಂಟ್ ಮುಗಿಯುವ ಕಾಲವೂ ಬಂದಿದೆ. ಬೆಲೆ ಹತ್ತರಲ್ಲಿ ಒಂದು ಪಾಲಿಗೆ ಇಳಿದರೆ ಈ ಇಡೀ ಚರ್ಚೆ ಬೇರೆ ರೂಪ ಪಡೆಯುತ್ತದೆ.

'ಬೊಜ್ಜು ತಡೆದರೆ ದುಡ್ಡು ಉಳಿಯುತ್ತದೆ' ಎಂಬ ಮಾತನ್ನೂ ಸ್ವಲ್ಪ ಒರೆಗೆ ಹಚ್ಚೋಣ. ಎಲ್ಲರೂ ಇದನ್ನೇ ಹೇಳುತ್ತಾರೆ, ಆರೋಗ್ಯ ಮಂತ್ರಿಗಳಂತೂ ಖಂಡಿತ ಹೇಳುತ್ತಾರೆ. 2008ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ವರ್ಷದ ಲೆಕ್ಕ ಬಿಟ್ಟು ಇಡೀ ಜೀವನದ ಲೆಕ್ಕ ಹಾಕಿದರು. ಇಪ್ಪತ್ತನೇ ವಯಸ್ಸಿನಿಂದ ಸಾಯುವವರೆಗೆ ಆರೋಗ್ಯವಂತರಿಗೆ ತಗಲುವ ವೈದ್ಯಕೀಯ ಖರ್ಚು ಸುಮಾರು 2,81,000 ಯೂರೊ. ಬೊಜ್ಜಿರುವವರಿಗೆ 2,50,000. ಸಿಗರೇಟು ಸೇದುವವರಿಗೆ 2,20,000. ತಿರುಗಾ ಮುರುಗಾ ಅನಿಸುತ್ತದಲ್ವಾ? ಕಾರಣ ಕ್ರೂರವಾದರೂ ಸರಳ. ಬೊಜ್ಜಿರುವವರು ಬೇಗ ಸಾಯುತ್ತಾರೆ. ಆರೋಗ್ಯವಂತರು ಜಾಸ್ತಿ ಬದುಕಿ, ಮುಪ್ಪಿನ ಕಾಯಿಲೆಗಳಿಗೆ, ಮರೆವಿನ ರೋಗಕ್ಕೆ, ವರ್ಷಗಟ್ಟಲೆ ಆರೈಕೆಗೆ ಖರ್ಚು ಮಾಡಿಸುತ್ತಾರೆ.

ಈ ಲೆಕ್ಕ ಎಲ್ಲ ದೇಶಕ್ಕೂ ಹೊಂದುತ್ತದೆ ಎಂದಲ್ಲ. ಬೊಜ್ಜಿನ ಜೊತೆ ಬರುವ ಕಾಯಿಲೆಗಳಿಗೆ ಚಿಕಿತ್ಸೆ ಸುಧಾರಿಸಿದಷ್ಟೂ ಜನ ಆ ಕಾಯಿಲೆ ಹೊತ್ತುಕೊಂಡೇ ಜಾಸ್ತಿ ವರ್ಷ ಬದುಕುತ್ತಾರೆ, ಆಗ ಖರ್ಚು ಏರುತ್ತದೆ. ಆದರೆ ಬರೀ ಉಳಿತಾಯದ ವಾದ ಹಿಡಿದು ಹೊರಟರೆ ಎಲ್ಲಿಗೆ ಮುಟ್ಟುತ್ತೇವೆ ಎಂಬುದಕ್ಕೆ ಒಂದು ಹಳೆಯ ಉದಾಹರಣೆ ಇದೆ. 2001ರಲ್ಲಿ ಸಿಗರೇಟು ಕಂಪನಿ ಫಿಲಿಪ್ ಮಾರಿಸ್ ಮಾಡಿಸಿದ್ದ ಒಂದು ವರದಿ ಹೊರಬಿತ್ತು. ಜನ ಸಿಗರೇಟು ಸೇದಿ ಬೇಗ ಸಾಯುವುದರಿಂದ ಜೆಕ್ ಸರಕಾರಕ್ಕೆ ಪಿಂಚಣಿ, ಆರೋಗ್ಯ ಖರ್ಚು ಉಳಿದು ಲಾಭವೇ ಆಗಿದೆ ಎಂದು ಅದರಲ್ಲಿತ್ತು. ಲೋಕವೆಲ್ಲ ಛೀಮಾರಿ ಹಾಕಿ, ಕೊನೆಗೆ ಕಂಪನಿ ಕ್ಷಮೆ ಕೇಳಿತು. ಬೊಜ್ಜು ತಡೆಯಬೇಕಾದ್ದು ಖಜಾನೆ ತುಂಬಲಿ ಎಂದಲ್ಲ. ನಲವತ್ತರಲ್ಲಿ ಮೊಣಕಾಲು ಹಿಡಿದುಕೊಂಡು ಕೂರುವುದು, ಐವತ್ತರಲ್ಲಿ ಡಯಾಲಿಸಿಸ್‌ಗೆ ಅಲೆಯುವುದು ತಪ್ಪಲಿ ಎಂದು. ಒಂದು ಲಸಿಕೆ ಹಾಕುವಾಗಲೋ ಕ್ಯಾನ್ಸರ್‌ಗೆ ಚಿಕಿತ್ಸೆ ಕೊಡುವಾಗಲೋ 'ಇದರಿಂದ ಎಷ್ಟು ಉಳಿಯುತ್ತೆ' ಎಂದು ನಾವು ಮೊದಲ ಪ್ರಶ್ನೆಯಾಗಿ ಕೇಳುವುದಿಲ್ಲ. ಬೊಜ್ಜಿನ ವಿಷಯಕ್ಕೆ ಬಂದಾಗ ಮಾತ್ರ ಕೇಳುತ್ತೇವೆ.

ಯಾಕೆ? ತಪ್ಪು ಅವರದ್ದೇ ಎಂಬ ನಂಬಿಕೆ ಒಳಗೊಳಗೇ ಇರುವುದರಿಂದ. 'ಬಾಯಿ ಕಟ್ಟಿದ್ರೆ ಆಯ್ತಪ್ಪ' ಎನ್ನುವವರು ಎಲ್ಲ ಕಡೆ ಇದ್ದಾರೆ. ಒಂದು ಮಾತು ಯೋಚಿಸಿ. 1990ರಿಂದೀಚೆಗೆ ನೂರಾರು ದೇಶಗಳ ಜನ ಒಟ್ಟಿಗೇ ಮನಸ್ಸಿನ ಹಿಡಿತ ಕಳೆದುಕೊಂಡರು ಎಂದರೆ ನಂಬುವ ಮಾತೇ? ಬದಲಾಗಿದ್ದು ಸುತ್ತಲಿನ ಆಹಾರ. ಅಮೆರಿಕದ ಸರಕಾರಿ ಸಂಶೋಧನಾ ಸಂಸ್ಥೆಯಲ್ಲಿದ್ದ ಕೆವಿನ್ ಹಾಲ್ 2019ರಲ್ಲಿ ಒಂದು ಸಣ್ಣ, ಆದರೆ ಬಿಗಿಯಾದ ಪ್ರಯೋಗ ಪ್ರಕಟಿಸಿದರು. 20 ಜನರನ್ನು ಒಳಗೇ ಇರಿಸಿಕೊಂಡು ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ಆಹಾರ, ಎರಡು ವಾರ ಹೆಚ್ಚು ಸಂಸ್ಕರಿಸದ ಆಹಾರ ಕೊಟ್ಟರು. ಎರಡರಲ್ಲೂ ಮುಂದಿಟ್ಟ ಸಕ್ಕರೆ, ಕೊಬ್ಬು, ನಾರಿನ ಅಂಶ ಒಂದೇ. ಬೇಕಾದಷ್ಟು ತಿನ್ನಿ ಎಂದರು. ಕಾರ್ಖಾನೆ ಆಹಾರದ ವಾರಗಳಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲರಿ ಜಾಸ್ತಿ ತಿಂದರು, ಎರಡೇ ವಾರದಲ್ಲಿ ಹತ್ತಿರ ಹತ್ತಿರ ಒಂದು ಕಿಲೋ ಏರಿದರು. ಅದೇ ಜನ, ಅದೇ ಮನಸ್ಸು.

ಇಳಿಸಿದ ತೂಕ ನಿಲ್ಲುವುದೂ ಬರೀ ಛಲದ ಮಾತಲ್ಲ. ತೂಕ ಇಳಿಸುವ ಟಿವಿ ಸ್ಪರ್ಧೆಯೊಂದರಲ್ಲಿ ಭಾಗವಹಿಸಿದ್ದ 14 ಜನರನ್ನು ಇದೇ ಹಾಲ್ ತಂಡ ಆರು ವರ್ಷದ ನಂತರ ಅಳೆಯಿತು. ಕಳೆದುಕೊಂಡ ತೂಕದ ದೊಡ್ಡ ಪಾಲು ವಾಪಸ್ ಬಂದಿತ್ತು. ಅಷ್ಟೇ ಅಲ್ಲ, ಅವರ ದೇಹ ಸುಮ್ಮನೆ ಕೂತಾಗ ಸುಡಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲರಿ ಕಡಿಮೆ ಸುಡುತ್ತಿತ್ತು. ಬರಗಾಲ ಬಂದಿದೆ ಎಂದುಕೊಂಡ ದೇಹ ಆರು ವರ್ಷ ಕಳೆದರೂ ಕೈ ಬಿಗಿ ಹಿಡಿದೇ ಇತ್ತು.

ಹಾಗಾದರೆ ಆಹಾರ ಮಾರುವವರಿಂದಲೇ ವಸೂಲಿ ಮಾಡಿದರೆ? ಬಿಲ್ ಅನ್ನು ಮೂಲಕ್ಕೇ ಕಳಿಸುವ ಪ್ರಯತ್ನ ಇದು. ಮೆಕ್ಸಿಕೊ 2014ರಿಂದ ಸಿಹಿ ಪಾನೀಯಗಳಿಗೆ ಲೀಟರಿಗೆ ಒಂದು ಪೆಸೊ ತೆರಿಗೆ ಹಾಕಿತು. ಮೊದಲ ವರ್ಷ ಮಾರಾಟ ಸರಾಸರಿ ಶೇ. 6ರಷ್ಟು ಇಳಿಯಿತು. ಡೆನ್ಮಾರ್ಕ್ 2011ರಲ್ಲಿ ಕೊಬ್ಬಿನ ಮೇಲೆ ತೆರಿಗೆ ಹಾಕಿ, ಜನ ಗಡಿ ದಾಟಿ ಹೋಗಿ ಕೊಳ್ಳತೊಡಗಿದಾಗ ಹದಿನೈದು ತಿಂಗಳಿಗೇ ಕೈಬಿಟ್ಟಿತು. ಚಿಲಿ ತೆರಿಗೆಯ ಜೊತೆಗೆ 2016ರಿಂದ ಪೊಟ್ಟಣಗಳ ಮುಂಭಾಗದಲ್ಲೇ ಎಂಟು ಮೂಲೆಯ ಕಪ್ಪು ಮುದ್ರೆ ಹಾಕಿಸಿತು.

ನನಗೆ ಹೆಚ್ಚು ಹಿಡಿಸಿದ್ದು ಬ್ರಿಟನ್ ಲೆಕ್ಕಾಚಾರ. ಅಲ್ಲಿ 2018ರಲ್ಲಿ ಬಂದ ತೆರಿಗೆ ಬಾಟಲಿಯ ಮೇಲಲ್ಲ, ಅದರೊಳಗಿನ ಸಕ್ಕರೆಯ ಮೇಲೆ. ಶುರುವಿನಲ್ಲಿ 100 ಮಿಲಿಲೀಟರಿಗೆ 5 ಗ್ರಾಂ ಮುಟ್ಟಿದರೆ ಲೀಟರಿಗೆ 18 ಪೆನ್ಸ್, 8 ಗ್ರಾಂ ಮುಟ್ಟಿದರೆ 24 ಪೆನ್ಸ್ ಇತ್ತು. ಐದರ ಕೆಳಗಿದ್ದರೆ ತೆರಿಗೆಯೇ ಇರಲಿಲ್ಲ. 2016ರಲ್ಲೇ ಘೋಷಣೆ ಮಾಡಿ ಕಂಪನಿಗಳಿಗೆ ಎರಡು ವರ್ಷ ಸಮಯ ಕೊಟ್ಟರು. ಬಹಳಷ್ಟು ಕಂಪನಿಗಳು ಬೆಲೆ ಏರಿಸುವ ಬದಲು ಸಕ್ಕರೆ ಇಳಿಸಿದವು. ಮೊದಲ ವರ್ಷ 520 ಮಿಲಿಯನ್ ಪೌಂಡ್ ಬರುತ್ತದೆ ಎಂದುಕೊಂಡಿದ್ದ ಸರಕಾರಕ್ಕೆ ಅದರ ಅರ್ಧವೂ ಬರಲಿಲ್ಲ. ಖಜಾನೆಗೆ ಕಡಿಮೆ ಬಂದಷ್ಟೂ ಯೋಜನೆ ಗೆದ್ದಂತೆ. ಹಣಕಾಸು ಇಲಾಖೆಯಲ್ಲಿ ಇಂಥ ಗೆಲುವಿಗೆ ಚಪ್ಪಾಳೆ ತಟ್ಟುವವರು ಎಷ್ಟು ಜನ ಇದ್ದರೋ! ಬೇಗ ಬೇಗ ಫಲ ಕಂಡಿದ್ದಕ್ಕೆ ಕಾರಣ ಇಷ್ಟೇ. ಕೋಟಿಗಟ್ಟಲೆ ಜನ ದಿನವೂ ಮನಸ್ಸು ಗಟ್ಟಿ ಮಾಡಿಕೊಳ್ಳುವ ಅಗತ್ಯ ಇರಲಿಲ್ಲ. ಕೆಲವೇ ಕೆಲವು ಕಂಪನಿಗಳು ಒಂದು ಸಲ ಪಾಕ ಬದಲಿಸಿದರೆ ಸಾಕಿತ್ತು. ಒಂದು ಪಾನೀಯದ ಸಕ್ಕರೆ ಇಳಿದ ಮಾತ್ರಕ್ಕೆ ದೇಶದ ಬೊಜ್ಜು ಕರಗುವುದಿಲ್ಲ, ಬ್ರಿಟನ್ನಿನಲ್ಲೂ ಕರಗಿಲ್ಲ. ಆದರೆ ಖರ್ಚಿಲ್ಲದ ಕೆಲಸ ಇದು, ಇಂಜೆಕ್ಷನ್‌ನ ಹಾಗೆ ಪ್ರತಿ ತಿಂಗಳೂ ದುಡ್ಡು ಕೇಳುವುದಿಲ್ಲ.

ಮಕ್ಕಳ ಅಂಕಿ ಕೊನೆಗೆ ಇಟ್ಟುಕೊಂಡಿದ್ದೆ. 2025ರ ಸೆಪ್ಟೆಂಬರ್‌ನಲ್ಲಿ ಯುನಿಸೆಫ್ ಒಂದು ವರದಿ ತಂದಿತು. 5ರಿಂದ 19 ವಯಸ್ಸಿನವರಲ್ಲಿ ಬೊಜ್ಜು ಶೇ. 9.4, ತೂಕ ಸಾಲದವರು ಶೇ. 9.2. ಜಗತ್ತಿನ ಲೆಕ್ಕದಲ್ಲಿ ಮೊದಲ ಸಲ ಬೊಜ್ಜು ಮುಂದೆ ಹೋಗಿದೆ. ಸುಮಾರು 18.8 ಕೋಟಿ ಮಕ್ಕಳು. ಇವತ್ತು ಅವರಲ್ಲಿ ಹೆಚ್ಚಿನವರಿಗೆ ಆಸ್ಪತ್ರೆಯ ಖರ್ಚು ಏನೂ ಇಲ್ಲ, ಯಾವ ಬಜೆಟ್‌ನಲ್ಲೂ ಅವರ ಹೆಸರಿನ ಸಾಲು ಇಲ್ಲ. ಈಗ ಹತ್ತು ವರ್ಷದ ಮಗುವಿಗೆ ನಲವತ್ತು ದಾಟುವುದು 2055ರ ಹೊತ್ತಿಗೆ. ಆ ಬಿಲ್‌ಗೆ ಸಹಿ ಹಾಕಬೇಕಾದ ಹಣಕಾಸು ಮಂತ್ರಿ ಈಗ ಬಹುಶಃ ಅದೇ ಮಗುವಿನ ಪಕ್ಕದ ಬೆಂಚಿನಲ್ಲಿ ಕೂತಿರಬಹುದು.